ಹೆದರಿದರೆ ಕಾಯಿಲೆ ವಾಪಸ್ ಬರುತ್ತಾ? ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲಿನ ಒಂದು ಪ್ರಕರಣ

ಸ್ತನ ಕ್ಯಾನ್ಸರ್ ಚಿಕಿತ್ಸೆ ಪಡೆದವರಿಗೆ ಆಪ್ತಸಮಾಲೋಚನೆ ಮಾಡುವವರಿಗೂ ಅವರ ಮನೆಯವರಿಗೂ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಹೇಳುವ ಮಹಿಳೆಯ ಒಪ್ಪಿಗೆ ಇದೆ. ಹೆಸರು, ವಯಸ್ಸು, ಕೆಲಸ ಬದಲಿಸಿದ್ದೇನೆ. ಗುರುತು ಸಿಗಬಾರದೆಂದು ಒಂದೆರಡು ವಿವರಗಳನ್ನು ಬೇರೆ ಪ್ರಕರಣಗಳಿಂದ ತಂದು ಸೇರಿಸಿದ್ದೇನೆ. ಇಲ್ಲಿ ಅವರನ್ನು ರೇಖಾ ಎಂದು ಕರೆಯೋಣ.

ಹಿನ್ನೆಲೆ

ರೇಖಾ ಅವರಿಗೆ 44 ವರ್ಷ. ಲೆಕ್ಕಪತ್ರ ನೋಡುವ ಕೆಲಸ. ಮನೆಯಲ್ಲಿ ಗಂಡ, ಕಾಲೇಜಿಗೆ ಹೋಗುವ ಮಗಳು. ಎಡ ಸ್ತನದಲ್ಲಿ ಗಂಟು ಕೈಗೆ ಸಿಕ್ಕಿ, ಬಯಾಪ್ಸಿ ಮಾಡಿಸಿದಾಗ ಕ್ಯಾನ್ಸರ್ ಎರಡನೇ ಹಂತದಲ್ಲಿತ್ತು. ಹಾರ್ಮೋನ್ ರಿಸೆಪ್ಟರ್ ಪಾಸಿಟಿವ್ (ಹಾರ್ಮೋನಿನ ನೆರವಿನಿಂದ ಬೆಳೆಯುವ ಬಗೆ), ಹರ್-2 ನೆಗೆಟಿವ್ (ಹರ್-2 ಎಂಬ ಪ್ರೋಟೀನ್ ಹೆಚ್ಚಿಲ್ಲ). ಗಂಟು ಮತ್ತು ಅದರ ಸುತ್ತಲ ಭಾಗವನ್ನಷ್ಟೇ ತೆಗೆದರು, ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಆಮೇಲೆ ಕೀಮೋ, ಅದಾದ ಮೇಲೆ ರೇಡಿಯೇಶನ್. ಎಲ್ಲ ಮುಗಿದ ಮೇಲೆ, ಆ ಹಾರ್ಮೋನಿನ ನೆರವು ಸಿಗದಂತೆ ತಡೆಯುವ ಟ್ಯಾಮಾಕ್ಸಿಫೆನ್ ಮಾತ್ರೆ, ದಿನಕ್ಕೊಂದು. ಇದನ್ನು ಸಾಮಾನ್ಯವಾಗಿ 5 ವರ್ಷ, ಕೆಲವರಿಗೆ 10 ವರ್ಷ ಕೊಡುತ್ತಾರೆ.

ಚಿಕಿತ್ಸೆ ನಡೆಯುವಾಗ ಅವರು ಗಟ್ಟಿಯಾಗಿದ್ದರು. ಕೂದಲು ಉದುರಿದಾಗಲೂ ಅಳಲಿಲ್ಲವಂತೆ. ಕೀಮೋಗೆ ಬಂದ ಬೇರೆಯವರಿಗೆ ನರ್ಸ್‌ಗಳು ಇವರನ್ನೇ ತೋರಿಸಿ ಧೈರ್ಯ ಹೇಳುತ್ತಿದ್ದರು. ಕುಸಿದದ್ದು ಎಲ್ಲ ಮುಗಿದ ಮೇಲೆ. ನಮ್ಮ ಕೆಲಸದಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತೇವೆ. ಚಿಕಿತ್ಸೆ ಇರುವಷ್ಟು ದಿನ ಯಾರೋ ಒಬ್ಬರು ನೋಡುತ್ತಿರುತ್ತಾರೆ, ಕಾಯಿಲೆಯ ವಿರುದ್ಧ ಏನೋ ಒಂದು ನಡೆಯುತ್ತಿರುತ್ತದೆ. ಕೊನೆಯ ದಿನ ಡಾಕ್ಟರು ‘ಇನ್ನು ಕೆಲವು ತಿಂಗಳು ಬಿಟ್ಟು ಬನ್ನಿ’ ಎನ್ನುತ್ತಾರೆ. ಮನೆಯವರಿಗೆ ಅದು ಖುಷಿಯ ಸುದ್ದಿ. ರೋಗಿಗೆ ಕೈಬಿಟ್ಟ ಹಾಗೆ ಅನಿಸುತ್ತದೆ.

ರೇಡಿಯೇಶನ್ ಮುಗಿದು ಏಳು ತಿಂಗಳಾದ ಮೇಲೆ ಅವರ ಕ್ಯಾನ್ಸರ್ ತಜ್ಞರೇ ನನ್ನ ಹತ್ತಿರ ಕಳಿಸಿದರು. ರೇಖಾ ಪದೇ ಪದೇ ಸ್ಕ್ಯಾನ್ ಕೇಳುತ್ತಿದ್ದರು. ಲಕ್ಷಣ ಇಲ್ಲದವರಿಗೆ ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ) ಮತ್ತು ನಿಯಮಿತ ತಪಾಸಣೆ ಸಾಕು, ಸುಮ್ನೆ ಇಡೀ ಮೈ ಸ್ಕ್ಯಾನ್ ಮಾಡಿಸುವುದರಿಂದ ಲಾಭವಿಲ್ಲ ಎಂದು ಡಾಕ್ಟರು ಹೇಳಿದ್ದರು. ರೇಖಾ ತಲೆಯಾಡಿಸುತ್ತಿದ್ದರು. ಮುಂದಿನ ವಾರ ಮತ್ತೆ ಫೋನ್ ಮಾಡುತ್ತಿದ್ದರು.

ಸಮಸ್ಯೆ

ಮೊದಲ ಭೇಟಿಯಲ್ಲಿ ಆತಂಕ ಮತ್ತು ಖಿನ್ನತೆ ಅಳೆಯುವ ಪ್ರಶ್ನಾವಳಿ ಕೊಟ್ಟೆ. ಆಸ್ಪತ್ರೆಗೆ ಬರುವ ದೈಹಿಕ ಕಾಯಿಲೆಯವರಿಗೆಂದೇ 1983ರಲ್ಲಿ ಜಿಗ್ಮಂಡ್ ಮತ್ತು ಸ್ನೇತ್ ರೂಪಿಸಿದ 14 ಪ್ರಶ್ನೆಗಳ ಪಟ್ಟಿ ಅದು. ಆತಂಕಕ್ಕೆ 7, ಖಿನ್ನತೆಗೆ 7 ಪ್ರಶ್ನೆ. ಎರಡಕ್ಕೂ ಗರಿಷ್ಠ ಅಂಕ 21. 11 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಗಂಭೀರವಾಗಿ ನೋಡಬೇಕು. ರೇಖಾ ಅವರಿಗೆ ಆತಂಕದಲ್ಲಿ 15, ಖಿನ್ನತೆಯಲ್ಲಿ 9 ಬಂತು. ರಾತ್ರಿ ಮೂರು ಗಂಟೆ ನಿದ್ದೆ ಬಂದರೆ ಹೆಚ್ಚು. ಸಾಯಬೇಕು ಅನಿಸಿದೆಯಾ ಎಂದು ನೇರವಾಗಿ ಕೇಳಿದೆ. ‘ಇಲ್ಲ ಮೇಡಂ, ಎಲ್ಲಿ ಸತ್ತುಹೋಗ್ತೀನೋ ಅನ್ನೋದೇ ನನ್ನ ತೊಂದರೆ’ ಎಂದರು.

ಏನು ಯೋಚನೆ ಬರುತ್ತದೆ ಎಂದು ಕೇಳಿದಾಗ ಅವರು ಹೇಳಿದ್ದು ನಾನು ಎದುರುನೋಡಿದ್ದೇ: ಮತ್ತೆ ಬಂದರೆ? ಮಗಳ ಗತಿ? ಮೊದಲೇ ತೋರಿಸಿಕೊಂಡಿದ್ದರೆ? ಸ್ತನ ಕ್ಯಾನ್ಸರ್ ಆದ ಯಾರ ತಲೆಯಲ್ಲೂ ಇವು ಬರುತ್ತವೆ, ಬರಬೇಕಾದದ್ದೇ. ಇಷ್ಟರಿಂದಲೇ ಒಬ್ಬರು ಏಳು ತಿಂಗಳು ನಿದ್ದೆಗೆಡುವುದಿಲ್ಲ. ಹಾಗಾಗಿ ಇನ್ನೊಂದು ಪ್ರಶ್ನೆ ಹಾಕಿದೆ. ‘ಆ ಯೋಚನೆ ಬಂದಾಗ ಏನು ಮಾಡ್ತೀರಿ?’

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು: ‘ನಾನು ಹೀಗೆ ಹೆದರ್ತಾ ಇದ್ರೆ ಅದು ವಾಪಸ್ ಬರುತ್ತೆ, ಅಲ್ವಾ?’

ಇಡೀ ಪ್ರಕರಣದ ಬೇರು ಈ ಮಾತಿನಲ್ಲಿತ್ತು. ಕಾಯಿಲೆಗೆ ಮುಂಚೆ ಎರಡು ವರ್ಷ ಅವರು ಹಾಸಿಗೆ ಹಿಡಿದ ತಂದೆಯನ್ನು ನೋಡಿಕೊಂಡಿದ್ದರು. ಆ ಚಿಂತೆಯಿಂದಲೇ ಕ್ಯಾನ್ಸರ್ ಬಂತು ಎಂದು ನಂಬಿದ್ದರು. ಬಂದವರೆಲ್ಲ ‘ಮನಸ್ಸು ಗಟ್ಟಿ ಇದ್ದರೆ ಅದು ಹತ್ತಿರ ಸುಳಿಯಲ್ಲ, ಪಾಸಿಟಿವ್ ಆಗಿರು’ ಎಂದೇ ಹೇಳಿ ಹೋಗಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ರೇಖಾ ಕಿವಿಗೆ ಅದು ಬೇರೆ ಥರ ಬಿತ್ತು: ಹೆದರಿದರೆ ತಪ್ಪು ನಿನ್ನದೇ, ಕಾಯಿಲೆ ಮರುಕಳಿಸಿದರೆ ಅದಕ್ಕೂ ನೀನೇ ಹೊಣೆ. ಈಗ ಅವರಿಗೆ ಕ್ಯಾನ್ಸರಿನ ಹೆದರಿಕೆ ಒಂದು ಕಡೆ, ಹೆದರಿಕೆಯ ಹೆದರಿಕೆ ಇನ್ನೊಂದು ಕಡೆ. ಎರಡನೆಯದೇ ಜಾಸ್ತಿ ಹಿಂಸೆ ಕೊಡುತ್ತಿತ್ತು.

ಏನೇನು ಪ್ರಯತ್ನಿಸಿದೆವು

ಮೊದಲ ಕೆಲಸ ಮೈಗೆ ಸಂಬಂಧಿಸಿದ್ದು. ನಿದ್ದೆಗೇಡು, ಸುಸ್ತು ಎಲ್ಲವನ್ನೂ ಯೋಚನೆಯ ತಲೆಗೆ ಕಟ್ಟುವ ಮುಂಚೆ ರಕ್ತಹೀನತೆ, ಥೈರಾಯ್ಡ್ ನೋಡಿಸಿದೆವು. ಸರಿಯಿತ್ತು. ಆದರೆ ರಾತ್ರಿ ಎರಡು ಮೂರು ಸಲ ಮೈಯೆಲ್ಲ ಧಗ್ಗನೆ ಬಿಸಿಯಾಗಿ, ಬೆವರಿ, ಎಚ್ಚರವಾಗುತ್ತಿತ್ತು. ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವ ಅನೇಕರಿಗೆ ಹೀಗಾಗುತ್ತದೆ. ಎಚ್ಚರವಾದ ಮೇಲೆ ಶುರುವಾಗುತ್ತಿತ್ತು ಯೋಚನೆ.

ಮುಂದಿನದು ಒಂದು ನೋಟ್‌ಬುಕ್. ನಮಗೆ ಗೊತ್ತಿಲ್ಲದೆಯೇ ತಲೆಗೆ ನುಗ್ಗುವ ಯೋಚನೆಗಳು ಮೂಡನ್ನು ಹೇಗೆ ಕೆಡಿಸುತ್ತವೆ ಎಂದು ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ತೋರಿಸಿಕೊಟ್ಟರು. ಅಂಥ ಯೋಚನೆಯನ್ನು ಬರೆದಿಟ್ಟು ಪರೀಕ್ಷಿಸುವ ಪದ್ಧತಿ ಅಲ್ಲಿಂದ ಬಂದದ್ದು. ನಾಲ್ಕು ಅಂಕಣ ಹಾಕಿಕೊಟ್ಟೆ: ಏನಾಯಿತು, ಮನಸ್ಸು ಏನು ಹೇಳಿತು, ಹೆದರಿಕೆ 100ಕ್ಕೆ ಎಷ್ಟು, ಆಮೇಲೆ ಏನು ಮಾಡಿದೆ. ಮೊದಲ ವಾರದ ಒಂದು ಪುಟ ಹೀಗಿತ್ತು:

‘ರಾತ್ರಿ 2.40. ಬೆನ್ನು ನೋವು. ಮೂಳೆಗೆ ಹೋಗಿದೆ. 80. ಫೋನಿನಲ್ಲಿ ಹುಡುಕಿದೆ. 90. ಹೀಗೆಲ್ಲ ಯೋಚಿಸಬಾರದು ಅಂದುಕೊಂಡೆ. 95. ಕಂಕುಳು ಒತ್ತಿ ನೋಡಿಕೊಂಡೆ. ಗಟ್ಟಿ ಇದೆ ಅನಿಸಿತು. 100. ಇವರನ್ನು ಎಬ್ಬಿಸಿದೆ. ಏನೂ ಇಲ್ಲ, ಮಲಗು ಅಂದರು. 60. ಇವರಿಗೆ ಹೇಗೆ ಗೊತ್ತು? 95.’

ಅಂಕಿಗಳನ್ನು ನೋಡಿ. ‘ಮೂಳೆಗೆ ಹೋಗಿದೆ’ ಎಂಬ ಯೋಚನೆ ಬಂದಾಗ 80 ಇತ್ತು. ಅದನ್ನು ಓಡಿಸಲು ಅವರು ಮಾಡಿದ ಒಂದೊಂದು ಕೆಲಸವೂ ಅದನ್ನು ಏರಿಸಿತು. ಗಂಡನ ಸಮಾಧಾನ ಒಂದೇ ಇಳಿಸಿತು, ಅದೂ ಎರಡು ನಿಮಿಷಕ್ಕೆ. ಹುಡುಕುವುದು, ಒತ್ತಿ ನೋಡುವುದು, ಕೇಳುವುದು, ‘ಯೋಚಿಸಬಾರದು’ ಎಂದು ತಡೆಯುವುದು: ಈ ನಾಲ್ಕರಲ್ಲೇ ರಾತ್ರಿ ಕಳೆಯುತ್ತಿತ್ತು. ಒಂದೇ ವಿಷಯವನ್ನು ಹೀಗೆ ಮತ್ತೆ ಮತ್ತೆ ಮೆಲುಕು ಹಾಕುವ ಅಭ್ಯಾಸ ಖಿನ್ನತೆಯನ್ನು ಬೆಳೆಸುತ್ತದೆ, ಉದ್ದ ಎಳೆಯುತ್ತದೆ ಎಂದು ಮನಶ್ಶಾಸ್ತ್ರಜ್ಞೆ ಸೂಸನ್ ನೋಲೆನ್-ಹೋಕ್ಸೆಮಾ 1991ರಿಂದ ಬರೆಯುತ್ತ ಬಂದರು. ಇಲ್ಲಿ ಅದು ಒಂದೇ ಪುಟದಲ್ಲಿ ಕಾಣುತ್ತಿತ್ತು.

ಬರೆದ ಯೋಚನೆಗಳಿಗೆ ಪರ ಮತ್ತು ವಿರೋಧ ಪುರಾವೆ ಹುಡುಕುವ ಹಂತಕ್ಕೆ ಬಂದಾಗ ಒಂದು ವ್ಯತ್ಯಾಸ ಕಂಡಿತು. ತಪ್ಪಿತಸ್ಥ ಭಾವದ ಯೋಚನೆಗಳಿಗೆ ಇದು ಚೆನ್ನಾಗಿ ಕೆಲಸ ಮಾಡಿತು. ‘ನಾನು ಮನೆಯವರಿಗೆ ಭಾರ’ ಎಂದು ಬರೆದಿದ್ದರು. ಅದೇ ವಾರ ಮಗಳ ಪರೀಕ್ಷೆಯ ಫೀಸು ಕಟ್ಟಿದ್ದು, ಆಫೀಸಿನ ಲೆಕ್ಕ ಮುಗಿಸಿದ್ದು, ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದದ್ದು ತಾವೇ ಎಂದು ಬರೆದು ನೋಡಿದಾಗ ಆ ಮಾತು ಬಲ ಕಳೆದುಕೊಂಡಿತು. ‘ಮೊದಲೇ ತೋರಿಸಿಕೊಳ್ಳಬೇಕಿತ್ತು’ ಎಂಬುದೂ ಅಷ್ಟೇ. ಗಂಟು ಸಿಕ್ಕ ಒಂದೇ ವಾರದಲ್ಲಿ ಅವರು ಡಾಕ್ಟರ ಮುಂದೆ ಕೂತಿದ್ದರು.

‘ಮತ್ತೆ ಬಂದರೆ?’ ಎಂಬುದಕ್ಕೆ ಮಾತ್ರ ಇದು ಒಗ್ಗಲಿಲ್ಲ. ಆ ಯೋಚನೆ ಸುಳ್ಳಲ್ಲವಲ್ಲ. ಈ ಕಾಯಿಲೆ ವರ್ಷಗಳ ನಂತರವೂ ಮರುಕಳಿಸಬಹುದು, ಅದರಲ್ಲೂ ಹಾರ್ಮೋನ್ ಪಾಸಿಟಿವ್ ಇದ್ದವರಲ್ಲಿ. ಪುರಾವೆ ಹುಡುಕುವ ಹೆಸರಲ್ಲಿ ರೇಖಾ ಶೇಕಡಾವಾರು ಲೆಕ್ಕ ಹಾಕತೊಡಗಿದರು. ಲೆಕ್ಕದ ಮನುಷ್ಯೆ, ಪುಟಗಟ್ಟಲೆ ಬರೆದರು. ನೋಟ್‌ಬುಕ್ಕೇ ಹೊಸ ಮೆಲುಕಾಗುವ ಲಕ್ಷಣ ಕಂಡಿತು. ಅಲ್ಲಿ ದಾರಿ ಬದಲಿಸಲು ನಿರ್ಧರಿಸಿದೆವು. ಮರುಕಳಿಸುವ ಭಯದ ಜೊತೆ ವಾದ ಮಾಡುವುದು ಬೇಡ. ಎರಡು ಕಡೆ ಕೈ ಹಾಕೋಣ: ‘ನನ್ನ ಯೋಚನೆಯೇ ಕಾಯಿಲೆ ತರುತ್ತದೆ’ ಎಂಬ ನಂಬಿಕೆ ಒಂದು, ಭಯ ಬಂದಾಗ ಮಾಡುವ ಆ ನಾಲ್ಕು ಕೆಲಸ ಇನ್ನೊಂದು.

ತಿರುವು

ನಂಬಿಕೆಯ ವಿಷಯಕ್ಕೆ ಬಂದಾಗ ‘ಹಾಗೆಲ್ಲ ಇಲ್ಲ ಬಿಡಿ’ ಎಂದು ತೇಲಿಸಬಾರದು ಅನಿಸಿತು. ಅವರು ಓದಿಕೊಂಡಿದ್ದರು. ‘ಹೋರಾಟದ ಮನಸ್ಸಿದ್ದವರೇ ಬದುಕುತ್ತಾರೆ’ ಎಂಬ ಲೇಖನವೊಂದು ಅವರ ಫೋನಿನಲ್ಲಿತ್ತು. ಆ ಮಾತಿಗೆ ಒಂದು ಮೂಲ ಇದೆ. 1979ರಲ್ಲಿ ಸ್ಟೀವನ್ ಗ್ರೀರ್ ಮತ್ತು ಸಂಗಡಿಗರು ದಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 69 ಮಹಿಳೆಯರ ಅಧ್ಯಯನ ಪ್ರಕಟಿಸಿದರು. ಆರಂಭದ ಹಂತದ ಸ್ತನ ಕ್ಯಾನ್ಸರ್ ಇದ್ದವರು. ಹೋರಾಟದ ಮನೋಭಾವ ತೋರಿದವರು, ಕಾಯಿಲೆಯನ್ನೇ ತಳ್ಳಿಹಾಕಿದವರು 5 ವರ್ಷದ ನಂತರ ಉಳಿದವರಿಗಿಂತ ಚೆನ್ನಾಗಿದ್ದರು ಎಂದು ಅದರಲ್ಲಿ ಬಂತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 1999ರಲ್ಲಿ ಮ್ಯಾಗಿ ವಾಟ್ಸನ್ ಅವರ ತಂಡ ಅದೇ ಪತ್ರಿಕೆಯಲ್ಲಿ 578 ಮಹಿಳೆಯರ ಅಧ್ಯಯನ ಪ್ರಕಟಿಸಿತು. ಗ್ರೀರ್ ಕೂಡ ಆ ತಂಡದಲ್ಲಿದ್ದರು. ಈ ಸಲ ಹೋರಾಟದ ಮನೋಭಾವಕ್ಕೂ ಬದುಕುಳಿಯುವುದಕ್ಕೂ ಸಂಬಂಧ ಕಾಣಲಿಲ್ಲ. ಒತ್ತಡದಿಂದಲೇ ಸ್ತನ ಕ್ಯಾನ್ಸರ್ ಬರುತ್ತದೆ ಎಂಬುದಕ್ಕೂ ದೊಡ್ಡ ಅಧ್ಯಯನಗಳಲ್ಲಿ ಗಟ್ಟಿ ಪುರಾವೆ ಸಿಕ್ಕಿಲ್ಲ.

ವಾಟ್ಸನ್ ಅಧ್ಯಯನದ ಇನ್ನೊಂದು ಅಂಶವನ್ನೂ ಮುಚ್ಚಿಡಲಿಲ್ಲ. ‘ಇನ್ನೇನೂ ಮಾಡಲಾಗದು’ ಎಂಬ ತೀವ್ರ ಅಸಹಾಯಕತೆ ಇದ್ದವರಲ್ಲಿ ಫಲಿತಾಂಶ ಸ್ವಲ್ಪ ಕೆಟ್ಟದಾಗಿತ್ತು. ಇದನ್ನು ಹೇಳಿದರೆ ಅವರ ಭಯ ಹೆಚ್ಚಬಹುದು ಎಂಬ ಅಳುಕಿತ್ತು. ಆದರೆ ಮುಂದೊಂದು ದಿನ ರಾತ್ರಿ 2.40ಕ್ಕೆ ಫೋನಿನಲ್ಲಿ ಸಿಗುವ ಬದಲು ನನ್ನ ಮುಂದೆ ಕೂತು ಓದುವುದೇ ಒಳ್ಳೆಯದು. ಹಾಗೆ ಹೇಳಿದ್ದರಿಂದಲೇ ಒಂದು ಮುಖ್ಯ ವಿಷಯ ಹೊರಬಂತು. ‘ಅಸಹಾಯಕತೆ ಮೈಯನ್ನು ಹೇಗೆ ಮುಟ್ಟುತ್ತೆ?’ ಎಂದು ಕೇಳಿದರು. ದಾರಿಗಳು ಬೇರೆ ಬೇರೆ ಇರಬಹುದು, ಒಂದಂತೂ ನಾವು ಕಣ್ಣಾರೆ ಕಾಣುವಂಥದ್ದು: ಕೈಚೆಲ್ಲಿದವರು ತಪಾಸಣೆಗೆ ಬರುವುದು ಬಿಡುತ್ತಾರೆ, ಮಾತ್ರೆ ಬಿಡುತ್ತಾರೆ ಎಂದೆ.

ರೇಖಾ ಬ್ಯಾಗ್ ತೆರೆದು ಮಾತ್ರೆಯ ಸ್ಟ್ರಿಪ್ ಮೇಜಿನ ಮೇಲಿಟ್ಟರು. ಆ ದಿನಕ್ಕೆ ಖಾಲಿಯಾಗಿರಬೇಕಿದ್ದ ಸ್ಟ್ರಿಪ್ ಅದು. ಅಲ್ಲೊಂದು ಇಲ್ಲೊಂದು ಮಾತ್ರೆ ಉಳಿದಿತ್ತು. ಮಾತ್ರೆ ಕೈಗೆತ್ತಿಕೊಂಡಾಗಲೆಲ್ಲ ‘ನಾನು ರೋಗಿ’ ಎಂದು ನೆನಪಾಗುತ್ತಿತ್ತು. ನೆನಪಾದರೆ ಹೆದರಿಕೆ. ಹೆದರಿದರೆ ಕಾಯಿಲೆ ವಾಪಸ್. ಆದ್ದರಿಂದ ಮನಸ್ಸು ತುಂಬ ಕೆಟ್ಟ ದಿನ ಮಾತ್ರೆಯನ್ನೇ ಬಿಟ್ಟುಬಿಡುತ್ತಿದ್ದರು. ಡಾಕ್ಟರಿಗೆ ಹೇಳಿರಲಿಲ್ಲ, ಗಂಡನಿಗೂ ಹೇಳಿರಲಿಲ್ಲ. ಕಾಯಿಲೆ ಮರುಕಳಿಸುವುದನ್ನು ನಿಜಕ್ಕೂ ಕಡಿಮೆ ಮಾಡುವ ಔಷಧಿಯನ್ನು, ಮರುಕಳಿಸೀತು ಎಂಬ ಭಯಕ್ಕೇ ಬಿಡುತ್ತಿದ್ದರು.

ಯೋಚನೆಗೂ ದೇಹಕ್ಕೂ ಸಂಬಂಧ ಇದೆಯೇ ಎಂದು ಜನ ಕೇಳುತ್ತಾರೆ. ಇದೆ, ಆದರೆ ಅದು ಹೆಚ್ಚಾಗಿ ಇಂಥ ಕಡೆ ಇರುತ್ತದೆ. ನಾವು ಅದನ್ನು ಎಲ್ಲೋ ರಕ್ತದಲ್ಲಿ, ಜೀವಕೋಶದಲ್ಲಿ ಹುಡುಕುತ್ತೇವೆ. ಅದು ಮಾತ್ರೆಯ ಸ್ಟ್ರಿಪ್ಪಿನಲ್ಲಿ ಕೂತಿರುತ್ತದೆ.

ಅವರ ಒಪ್ಪಿಗೆ ಪಡೆದು ಅದೇ ದಿನ ಕ್ಯಾನ್ಸರ್ ತಜ್ಞರಿಗೆ ತಿಳಿಸಿದೆವು. ಅವರು ಗದರಲಿಲ್ಲ. ಬಿಟ್ಟುಹೋದದ್ದಕ್ಕೆ ಸೇರಿಸಿ ಎರಡು ನುಂಗಬೇಡಿ, ಇಂದಿನಿಂದ ದಿನಾ ತಪ್ಪದೆ ತೊಗೊಳ್ಳಿ ಎಂದರು. ಮೈ ಬಿಸಿಯಾಗುವುದಕ್ಕೂ ಆತಂಕಕ್ಕೂ ಸೇರಿಸಿ ಮನೋವೈದ್ಯರು ವೆನ್ಲಾಫ್ಯಾಕ್ಸಿನ್ ಶುರು ಮಾಡಿದರು. ಇಲ್ಲೊಂದು ಎಚ್ಚರಿಕೆ ಎಲ್ಲರಿಗೂ ಗೊತ್ತಿರಬೇಕು. ಪ್ಯಾರಾಕ್ಸೆಟಿನ್, ಫ್ಲುಆಕ್ಸೆಟಿನ್‌ನಂಥ ಕೆಲವು ಖಿನ್ನತೆಯ ಮಾತ್ರೆಗಳು ಲಿವರಿನ ಒಂದು ಕಿಣ್ವವನ್ನು ತಡೆಯುತ್ತವೆ. ಟ್ಯಾಮಾಕ್ಸಿಫೆನ್ ದೇಹದಲ್ಲಿ ಪೂರ್ತಿ ಕೆಲಸ ಮಾಡುವ ರೂಪಕ್ಕೆ ಬರಲು ಅದೇ ಕಿಣ್ವ ಬೇಕು. ವೆನ್ಲಾಫ್ಯಾಕ್ಸಿನ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ಟ್ಯಾಮಾಕ್ಸಿಫೆನ್ ತೊಗೊಳ್ಳುತ್ತಿರುವವರು ಮನಸ್ಸಿನ ಔಷಧಿ ಬರೆಯುವವರಿಗೆ ಅದನ್ನು ಮೊದಲೇ ಹೇಳಬೇಕು. ಈಗಾಗಲೇ ತೊಗೊಳ್ಳುತ್ತಿದ್ದರೆ ಗಾಬರಿಯಿಂದ ತಾವೇ ನಿಲ್ಲಿಸದೆ ಡಾಕ್ಟರನ್ನು ಕೇಳಬೇಕು.

ನಾಲ್ಕು ಕೆಲಸಗಳನ್ನು ಬಿಡಿಸಿದ್ದು

‘ಯೋಚಿಸಬಾರದು’ ಎಂಬ ತಡೆಯನ್ನು ಮೊದಲು ತೆಗೆದೆವು. ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಎಂದಾಗ ಜನರಿಗೆ ಅದೇ ನೆನಪಾಗುತ್ತಿತ್ತು ಎಂಬ, ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಅವರ 1987ರ ಪ್ರಯೋಗವನ್ನು ಅಲ್ಲೇ ಕೂತು ಮಾಡಿ ನೋಡಿದೆವು. ಅರ್ಧ ನಿಮಿಷಕ್ಕೇ ಅವರು ನಕ್ಕುಬಿಟ್ಟರು. ಆಮೇಲೆ ಚಿಂತೆಗೊಂದು ಹೊತ್ತು ಗೊತ್ತು ಮಾಡಿದೆವು: ಸಂಜೆ 6ರಿಂದ 6.20. ಉಳಿದ ಹೊತ್ತಿನಲ್ಲಿ ಬಂದ ಚಿಂತೆಯನ್ನು ಒಂದು ಸಾಲು ಬರೆದಿಟ್ಟು ಸಂಜೆಗೆ ಮುಂದೂಡುವುದು. ಸಂಜೆ ಕೂತು ಓದುವಾಗ ಅರ್ಧಕ್ಕರ್ಧ ಚಿಂತೆಗಳು ‘ಇದೇನು ಮಹಾ’ ಅನಿಸುತ್ತಿದ್ದವಂತೆ. ಉಳಿದವು ನಿಜವಾದ ಚಿಂತೆಗಳು. ಅವುಗಳ ಜೊತೆ ಇಪ್ಪತ್ತು ನಿಮಿಷ ಕೂರುವುದು ಸಾಧ್ಯ ಎಂದು ಅವರಿಗೆ ಗೊತ್ತಾಯಿತು.

ಒತ್ತಿ ನೋಡುವುದು ಬಿಡಲು ಜಾಸ್ತಿ ಸಮಯ ಹಿಡಿಯಿತು. ದಿನಕ್ಕೆ ಹದಿನೈದು ಇಪ್ಪತ್ತು ಸಲ ಒತ್ತುತ್ತಿದ್ದರು. ಹಾಗೆ ಒತ್ತಿದರೆ ಯಾರ ಕಂಕುಳೂ ನೋಯುತ್ತದೆ. ಆ ನೋವೇ ಮತ್ತೆ ಪುರಾವೆಯಾಗುತ್ತಿತ್ತು. ಶಸ್ತ್ರಚಿಕಿತ್ಸೆಯಾದ ಜಾಗದಲ್ಲಿ ಚುಚ್ಚಿದಂತಾಗುವುದು, ತೋಳಿನ ಒಳಭಾಗ ಜೋಮು ಹಿಡಿಯುವುದು ನರಗಳಿಗೆ ಪೆಟ್ಟು ಬಿದ್ದದ್ದರಿಂದ, ತಿಂಗಳುಗಟ್ಟಲೆ ಇರಬಹುದು ಎಂದು ಸರ್ಜನ್ ಕೂತು ವಿವರಿಸಿದರು. ಒಂದು ಚೀಟಿಯಲ್ಲಿ ಬರೆದೂ ಕೊಟ್ಟರು: ಹೊಸ ಗಂಟು, ಚರ್ಮದಲ್ಲಿ ಬದಲಾವಣೆ, ತೋಳಿನ ಊತ, ಎರಡು ವಾರ ಕಳೆದರೂ ಹೋಗದ ಹೊಸ ನೋವು ಅಥವಾ ಕೆಮ್ಮು, ಕಾರಣವಿಲ್ಲದೆ ತೂಕ ಇಳಿಯುವುದು. ಇವಿದ್ದರೆ ಫೋನ್ ಮಾಡಿ. ಗಂಟು, ಚರ್ಮ, ಊತವಾದರೆ ಕಾಯುವುದೂ ಬೇಡ. ತಿಂಗಳಿಗೊಮ್ಮೆ ಗೊತ್ತಾದ ದಿನ ನೋಡಿಕೊಳ್ಳುವುದು, ಉಳಿದ ದಿನ ಕೈ ಹಾಕದಿರುವುದು ಎಂದಾಯಿತು. ಈ ಚೀಟಿಯನ್ನು ಅವರು ಕಪಾಟಿನ ಬಾಗಿಲ ಒಳಗೆ ಅಂಟಿಸಿಕೊಂಡರು. ಫೋನಿನಲ್ಲಿ ಹುಡುಕುವುದು ಇದಾದ ಮೇಲೆ ತಾನಾಗಿ ಕಡಿಮೆಯಾಯಿತು.

ಗಂಡನನ್ನು ಒಂದು ಭೇಟಿಗೆ ಕರೆಸಿದೆ. ಅವರು ನಿಜವಾಗಿ ಸೋತುಹೋಗಿದ್ದರು. ರಾತ್ರಿ ಎಬ್ಬಿಸಿದಾಗಲೆಲ್ಲ ‘ಏನೂ ಆಗಲ್ಲ’ ಎನ್ನುತ್ತಿದ್ದರು, ಒಳಗೆ ಅವರಿಗೂ ಅದರಲ್ಲಿ ನಂಬಿಕೆ ಇರಲಿಲ್ಲ. ‘ನನಗೂ ಹೆದರಿಕೆ ಇದೆ ರೇಖಾ’ ಎಂದು ಅವರು ಮೊದಲ ಸಲ ಹೇಳಿದ್ದು ನನ್ನ ಮುಂದೆ. ಇದನ್ನು ಕೇಳಿದರೆ ರೇಖಾ ಕುಸಿಯುತ್ತಾರೆ ಎಂದುಕೊಂಡಿದ್ದರು. ರೇಖಾ ಕೇಳಿದ್ದು ‘ಇಷ್ಟು ದಿನ ಯಾಕೆ ಹೇಳಲಿಲ್ಲ?’ ಎಂದಷ್ಟೇ. ಆಮೇಲಿನಿಂದ ಮನೆಯಲ್ಲಿ ಸಮಾಧಾನದ ಬದಲು ‘ಈಗ ಹೆದರಿಕೆ ಬಂದಿದೆಯಾ? ಚೀಟಿಯಲ್ಲಿ ಇರೋದಾ?’ ಎಂಬ ಎರಡು ಪ್ರಶ್ನೆ ಬಂದವು.

ಆದದ್ದು

ನಾಲ್ಕು ತಿಂಗಳ ಕೊನೆಗೆ ಅದೇ ಪ್ರಶ್ನಾವಳಿ ಕೊಟ್ಟಾಗ ಆತಂಕ 15ರಿಂದ 8ಕ್ಕೆ, ಖಿನ್ನತೆ 9ರಿಂದ 5ಕ್ಕೆ ಇಳಿದಿತ್ತು. ಇದರಲ್ಲಿ ಔಷಧಿಯ ಪಾಲೆಷ್ಟು, ಮಾತಿನ ಪಾಲೆಷ್ಟು ಎಂದು ಒಂದೇ ಪ್ರಕರಣದಿಂದ ಬಿಡಿಸಿ ಹೇಳಲಾಗದು. ರಾತ್ರಿ ಐದಾರು ಗಂಟೆಯಷ್ಟು ನಿದ್ದೆ ಬರತೊಡಗಿತು. ಮಾತ್ರೆ ತಪ್ಪಲಿಲ್ಲ.

ನಿಜವಾದ ಪರೀಕ್ಷೆ ಬಂದದ್ದು ವರ್ಷದ ಮ್ಯಾಮೊಗ್ರಾಮ್ ಹೊತ್ತಿಗೆ. ಹಳೆಯ ಗಾಯದ ಹತ್ತಿರ ಏನೋ ಮಸುಕಾಗಿ ಕಂಡಿತು, ಅಲ್ಟ್ರಾಸೌಂಡ್ ಮಾಡಬೇಕು ಎಂದರು. ಮೂರು ದಿನ ಕಾಯಬೇಕಾಯಿತು. ಆ ಮೂರು ದಿನ ಅವರು ಸರಿಯಾಗಿ ಮಲಗಲಿಲ್ಲ, ಕಂಕುಳಿಗೂ ಕೈ ಹೋಯಿತು. ಕೊನೆಗೆ ಅದು ಶಸ್ತ್ರಚಿಕಿತ್ಸೆಯ ಜಾಗದಲ್ಲಿ ಕೊಬ್ಬು ಗಟ್ಟಿಯಾದದ್ದು, ಕ್ಯಾನ್ಸರ್ ಅಲ್ಲ ಎಂದು ಗೊತ್ತಾಯಿತು. ನನಗೆ ಮುಖ್ಯ ಅನಿಸಿದ್ದು ವರದಿ ಬರುವ ಮುಂಚಿನ ನೋಟ್‌ಬುಕ್ಕಿನ ಪುಟ: ‘ಹೆದರಿಕೆ 90. ಹೆದರೋದು ಸಹಜ. ಇದರಿಂದ ವರದಿ ಬದಲಾಗಲ್ಲ. ಮಾತ್ರೆ ತೊಗೊಂಡೆ.’ ವರದಿ ಬೇರೆಯಾಗಿದ್ದರೂ ಈ ಪುಟದ ಬೆಲೆ ಅಷ್ಟೇ ಇರುತ್ತಿತ್ತು. ಹೆದರಿಕೆ ಕಡಿಮೆಯಾಗಿರಲಿಲ್ಲ. ಹೆದರಿದ್ದಕ್ಕೆ ತನ್ನನ್ನೇ ದೂರುವುದು ನಿಂತಿತ್ತು.

ಇದರಿಂದ ನಮ್ಮ ವಿಭಾಗದಲ್ಲಿ ಎರಡು ಬದಲಾವಣೆ ಮಾಡಿಕೊಂಡಿದ್ದೇವೆ. ಏನು ಯೋಚನೆ ಬರುತ್ತದೆ ಎಂದು ಕೇಳಿದ ಮೇಲೆ, ಆ ಯೋಚನೆ ಬಂದದ್ದಕ್ಕೆ ನಿಮಗೇನನಿಸುತ್ತದೆ, ಆಮೇಲೆ ಏನು ಮಾಡುತ್ತೀರಿ ಎಂದೂ ಕೇಳುತ್ತೇವೆ. ಮಾತ್ರೆಯ ಬಗ್ಗೆ ‘ಸರಿಯಾಗಿ ತೊಗೊಳ್ತಿದ್ದೀರಾ?’ ಎಂದು ಕೇಳುವುದು ಬಿಟ್ಟಿದ್ದೇವೆ. ಅದಕ್ಕೆ ಎಲ್ಲರೂ ಹೌದು ಎನ್ನುತ್ತಾರೆ. ‘ಕಳೆದ ವಾರ ಯಾವ ದಿನ ಮಾತ್ರೆ ನುಂಗೋದು ಕಷ್ಟ ಆಯ್ತು?’ ಎಂದು ಕೇಳುತ್ತೇವೆ. ‘ಪಾಸಿಟಿವ್ ಆಗಿರಿ’ ಎಂಬ ಮಾತನ್ನು ನಾನಂತೂ ಯಾರಿಗೂ ಹೇಳುವುದಿಲ್ಲ. ಆಶಾವಾದ ಕೆಟ್ಟದ್ದೆಂದು ಅಲ್ಲ. ಅದು ತಾನಾಗಿ ಇದ್ದವರಿಗೆ ಒಳ್ಳೆಯದೇ. ಇಲ್ಲದವರಿಗೆ ಅದನ್ನು ಕರ್ತವ್ಯ ಮಾಡಿದರೆ ಭಯ ಹೇಳಿಕೊಳ್ಳುವ ಬಾಗಿಲು ಮುಚ್ಚುತ್ತದೆ.

ಎಲ್ಲವೂ ಬಗೆಹರಿದಿಲ್ಲ. ರೇಖಾ ಇನ್ನೂ ಕನ್ನಡಿ ಮುಂದೆ ಗಾಯ ನೋಡಿಕೊಳ್ಳುವುದಿಲ್ಲ. ಗಂಡ ಹೆಂಡತಿಯ ನಡುವಿನ ಸಲುಗೆಯ ಬಗ್ಗೆ ಮಾತು ಈಗಷ್ಟೇ ಶುರುವಾಗಿದೆ. ಮಗಳಿಗೂ ಬರಬಹುದಾ ಎಂಬ ಪ್ರಶ್ನೆ ಸಂಜೆಯ ಇಪ್ಪತ್ತು ನಿಮಿಷದಲ್ಲಿ ಉಳಿದುಕೊಂಡ ನಿಜವಾದ ಚಿಂತೆಗಳಲ್ಲಿ ಒಂದು. 50ಕ್ಕಿಂತ ಮುಂಚೆ ಸ್ತನ ಕ್ಯಾನ್ಸರ್ ಬಂದವರಿಗೆ ಬಿಆರ್‌ಸಿಎ ಜೀನ್ ಪರೀಕ್ಷೆಯ ಬಗ್ಗೆ ಸಲಹೆ ಕೊಡುವುದು ವಾಡಿಕೆ. ಈ ಜೀನಿನಲ್ಲಿ ದೋಷವಿದ್ದರೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು, ಆ ದೋಷ ಮಕ್ಕಳಿಗೂ ದಾಟಬಹುದು. ಅದಕ್ಕಾಗಿ ಜೆನೆಟಿಕ್ ಕೌನ್ಸೆಲರ್ ಹತ್ತಿರ ಕಳಿಸಿದ್ದೇವೆ. ಮೊದಲು ತಾವೊಬ್ಬರೇ ಹೋಗಿ ಕೇಳಿಕೊಂಡು ಬರುವುದು, ಆಮೇಲೆ ಮಗಳ ಜೊತೆ ಮಾತಾಡುವುದು ಎಂದು ಅವರೇ ತೀರ್ಮಾನಿಸಿದ್ದಾರೆ.